ಗುಳೆ, ಗಲ್ಫ್, ಕಬ್ಬಿನ ಗ್ಯಾಂಗು, ತವರು: ಬಸಿರು–ಬಾಣಂತನದ ಪ್ರಶ್ನೋತ್ತರ

ದುಡಿಮೆಗೆಂದು ಊರು ಬಿಡುವ, ಗಂಡ–ಹೆಂಡತಿ ಬೇರೆ ಬೇರೆ ಊರಲ್ಲಿರುವ ಕುಟುಂಬಗಳ ಆರೋಗ್ಯದ ಬಗ್ಗೆ ಗುಂಪಿಗೆ ಬಂದ ಪ್ರಶ್ನೆಗಳು ಇಲ್ಲಿವೆ. ಉತ್ತರ ಕೊಟ್ಟವರು ಒಬ್ಬ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವೈದ್ಯಾಧಿಕಾರಿ, ಒಬ್ಬ ಸ್ತ್ರೀರೋಗ ತಜ್ಞೆ, ಒಬ್ಬ ಜನಸಂಖ್ಯಾಶಾಸ್ತ್ರದ ಮೇಷ್ಟ್ರು.

ಪ್ರಶ್ನೆ (ಆಶಾ ಕಾರ್ಯಕರ್ತೆ, ಯಾದಗಿರಿ ಜಿಲ್ಲೆ): ನಮಸ್ಕಾರ್ರೀ ಸರ್. ತೊಗರಿ ರಾಶಿ ಮುಗೀತಂದ್ರ ನಮ್ಮೂರಾಗ ಎಷ್ಟೋ ಮನೀಗೆ ಕೀಲಿ. ಬೆಂಗಳೂರು, ಪುಣೆ, ಮುಂಬೈ ಅಂತ ಗುಳೆ ಹೋಗ್ತಾರ. ಐದು ತಿಂಗಳ ಬಸುರಿ ಇದ್ದಾಕಿನೂ ಗಂಡನ ಸಂಗಾಟ ಹೊಂಟಾಳ. ತಡೀಲಿಕ್ಕೆ ಆಗೂದಿಲ್ಲ. ಕಳಸೂ ಮುಂದ ಏನೇನು ಕೊಟ್ಟು ಕಳಸಬೇಕು?

ವೈದ್ಯಾಧಿಕಾರಿ: ತಡೆಯಲು ಹೋಗಬೇಡಿ ಅಕ್ಕಾ. ತಡೆದರೆ ಮುಂದಿನ ಸಲ ನಿಮಗೆ ಹೇಳದೆಯೇ ಬಸ್ ಹತ್ತುತ್ತಾಳೆ, ಆಗ ಇನ್ನೂ ಕಷ್ಟ. ಹೊರಡುವ ವಾರದಲ್ಲಿ ಉಪಕೇಂದ್ರಕ್ಕೆ ಕರೆತನ್ನಿ. ಹಿಮೋಗ್ಲೋಬಿನ್, ಬಿಪಿ, ತೂಕ, ಮೂತ್ರದಲ್ಲಿ ಪ್ರೋಟೀನ್ ಮತ್ತು ಸಕ್ಕರೆ ಅವತ್ತೇ ನೋಡಿಸಿ ತಾಯಿ ಕಾರ್ಡ್‌ನಲ್ಲಿ ಬರೆಸಿ. ರಕ್ತದ ಗುಂಪು ಬರೆದಿದೆಯೇ ನೋಡಿ. ಬಹಳ ಕಾರ್ಡುಗಳಲ್ಲಿ ಆ ಜಾಗ ಖಾಲಿ ಇರುತ್ತದೆ, ರಾತ್ರಿ ಹೊತ್ತು ರಕ್ತಸ್ರಾವವಾಗಿ ಬೇರೆ ಊರಿನ ಆಸ್ಪತ್ರೆಗೆ ಹೋದಾಗ ಮೊದಲು ಕೇಳುವುದೇ ಅದನ್ನು. ಟಿಡಿ (ಧನುರ್ವಾಯು–ಗಂಟಲಮಾರಿ ತಡೆಯುವ) ಚುಚ್ಚುಮದ್ದು ನಾಲ್ಕು ವಾರದ ಅಂತರದಲ್ಲಿ ಎರಡು. ಹಿಂದಿನ ಬಸಿರಿನಲ್ಲಿ ಎರಡೂ ಆಗಿ ಮೂರು ವರ್ಷದೊಳಗೆ ಮತ್ತೆ ಬಸುರಿಯಾಗಿದ್ದರೆ ಒಂದು ಬೂಸ್ಟರ್ ಸಾಕು.

ಮಾತ್ರೆಯನ್ನು ತಿಂಗಳಿಗಾಗುವಷ್ಟೇ ಕೊಟ್ಟು ಕಳಿಸುವುದು ಎಲ್ಲ ಕಡೆ ಆಗುವ ತಪ್ಪು. ಮೂರು ತಿಂಗಳಿಗೆ ಹೋಗುತ್ತಾಳೆಂದರೆ ಕಬ್ಬಿಣದ ಮಾತ್ರೆ 90, ಕ್ಯಾಲ್ಸಿಯಂ 180 (ದಿನಕ್ಕೆ ಎರಡು) ಎಣಿಸಿ ಕೊಡಿ. ಕಬ್ಬಿಣದ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ, ನಾಲ್ಕನೇ ತಿಂಗಳಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಎರಡೂ ಮಾತ್ರೆ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಎರಡು ತಾಸು ಅಂತರ ಬೇಕು. ಚಹಾದ ಜೊತೆಯೂ ಬೇಡ. ಕಟ್ಟಡ ಕೆಲಸದ ಸೈಟಿನಲ್ಲಿ ಬೆಳಿಗ್ಗೆ ಚಹಾ ಕುಡಿದೇ ಕೆಲಸಕ್ಕಿಳಿಯುತ್ತಾರೆ, ಆದ್ದರಿಂದ ಕ್ಯಾಲ್ಸಿಯಂ ಬೆಳಿಗ್ಗೆ ಮತ್ತು ಮಧ್ಯಾಹ್ನ ಊಟದ ಜೊತೆ, ಕಬ್ಬಿಣ ರಾತ್ರಿ ಮಲಗುವ ಮುಂಚೆ ಎಂದು ಗಂಡನ ಎದುರಿಗೇ ಹೇಳಿ. ಜಂತುಹುಳುವಿನ ಆಲ್ಬೆಂಡಜೋಲ್ 400 ಮಿ.ಗ್ರಾಂ ಒಂದೇ ಸಲ, ಮೂರು ತಿಂಗಳು ತುಂಬಿದ ಮೇಲೆ, ನಿಮ್ಮ ಎದುರಿಗೇ ನುಂಗಲಿ.

ಹಿಮೋಗ್ಲೋಬಿನ್ 7ರಿಂದ 10.9 ಇದ್ದರೆ ಕಬ್ಬಿಣದ ಮಾತ್ರೆ ದಿನಕ್ಕೆರಡು, ಅಂದರೆ ಮೂರು ತಿಂಗಳಿಗೆ 180. ತಿಂಗಳಿಗೆ 1 ಗ್ರಾಂ ಆದರೂ ಏರಬೇಕು, ಏರದಿದ್ದರೆ ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ ಅಥವಾ ಕಾರಣ ಬೇರೆ ಇದೆ, ದೊಡ್ಡ ಆಸ್ಪತ್ರೆಗೆ ಕಳಿಸಬೇಕು. 7ಕ್ಕಿಂತ ಕಡಿಮೆ ಇದ್ದವಳನ್ನು ಮಾತ್ರ ಬಸ್ ಹತ್ತಲು ಬಿಡಬೇಡಿ. ಅಲ್ಲಿ ಜಗಳವಾಡಿದರೂ ಸರಿ.

ಕೊನೆಯದಾಗಿ, ತಾಯಿ ಕಾರ್ಡ್‌ನ ಎಲ್ಲ ಪುಟಗಳ ಫೋಟೊ ಗಂಡನ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇರಲಿ. ಕೂಲಿಯವರು ಇರುವ ಶೆಡ್ಡಿಗೆ ನೀರು ನುಗ್ಗಿ ಕಾರ್ಡ್ ಹಾಳಾಗುವುದು ಸಾಮಾನ್ಯ. ಮೇಸ್ತ್ರಿಯ ನಂಬರ್ ತೆಗೆದುಕೊಳ್ಳಿ. ಕೂಲಿಯವರ ನಂಬರ್ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ, ಮೇಸ್ತ್ರಿಯದು ಬದಲಾಗುವುದಿಲ್ಲ.

ಪ್ರಶ್ನೆ (ಅವರೇ): ಅಲ್ಲಿ ದವಾಖಾನ್ಯಾಗ "ನಿಮ್ಮ ಜಿಲ್ಲಾದ ಕಾರ್ಡ್ ಇಲ್ಲಿ ನಡಿಯೂದಿಲ್ಲ" ಅಂತಾರಂತ್ರೀ.

ವೈದ್ಯಾಧಿಕಾರಿ: ನಡೆಯುತ್ತದೆ. ಆರ್‌ಸಿಎಚ್ ನಂಬರ್ (ಬಸುರಿಯ ಸರ್ಕಾರಿ ನೋಂದಣಿ ಸಂಖ್ಯೆ) ದೇಶಕ್ಕೆಲ್ಲ ಒಂದೇ. ತಪಾಸಣೆ, ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ವಿಳಾಸ ಕೇಳುವಂತಿಲ್ಲ. ನಿಜವಾದ ತೊಡಕು ಬೇರೆಯೇ. ಅಲ್ಲಿನ ಸಿಸ್ಟರ್ ಹಳೆಯ ನಂಬರ್ ಹುಡುಕುವ ಬದಲು ಹೊಸದಾಗಿ ನೋಂದಣಿ ಮಾಡಿಬಿಡುತ್ತಾರೆ. ಆಗ ಒಬ್ಬಳೇ ಹೆಂಗಸು ಎರಡು ಬಸುರಿಯಾಗುತ್ತಾಳೆ: ಯಾದಗಿರಿಯ ದಾಖಲೆಯಲ್ಲಿ ಹೆರಿಗೆಯೇ ಆಗದವಳು, ಬೆಂಗಳೂರಿನ ದಾಖಲೆಯಲ್ಲಿ ಏಳನೇ ತಿಂಗಳವರೆಗೆ ಒಂದೂ ತಪಾಸಣೆ ಇಲ್ಲದವಳು. ನಂಬರನ್ನು ಕಾರ್ಡ್‌ನ ಮೇಲ್ಪುಟದಲ್ಲೇ ದೊಡ್ಡದಾಗಿ ಬರೆದು ಕಳಿಸಿ. ಹೋಗುವ ಊರಿನ ಸಮೀಪದ ‘ನಮ್ಮ ಕ್ಲಿನಿಕ್’ (ಸರ್ಕಾರದ ನಗರ ಚಿಕಿತ್ಸಾಲಯ) ಅಥವಾ ನಗರ ಪಿಎಚ್‌ಸಿಯ ಹೆಸರೂ ಇರಲಿ. ಪ್ರತಿ ತಿಂಗಳ 9ನೇ ತಾರೀಕು ವೈದ್ಯರೇ ನೋಡುವ ದಿನ ಎಂದು ತಿಳಿಸಿ, ತಾರೀಕು ನೆನಪಿಟ್ಟುಕೊಳ್ಳುವುದು ಸುಲಭ.

ಪ್ರಶ್ನೆ (ಬೆಂಗಳೂರಿನ ಓದುಗರು): ಹೊರಗಿನಿಂದ ಬಂದ ಕೂಲಿಯವರಿಂದಲೇ ನಗರದ ಜನನ ಪ್ರಮಾಣ ಏರುತ್ತಿದೆ ಎನ್ನುತ್ತಾರೆ. ನಮ್ಮ ವಾರ್ಡಿನ ಅಂಕಿ ನೋಡಿದರೂ ಹಾಗೇ ಕಾಣುತ್ತದೆ. ನಿಜವೇ?

ಜನಸಂಖ್ಯಾಶಾಸ್ತ್ರದ ಮೇಷ್ಟ್ರು: ವಾರ್ಡಿನ ಅಂಕಿಯಲ್ಲಿ ಮೂರು ಬಲೆಗಳಿವೆ.

ಒಂದು, ಭಾಗಾಕಾರ. ಉದಾಹರಣೆಗೆ 15,000 ಖಾಯಂ ಜನ ಇರುವ ವಾರ್ಡಿನಲ್ಲಿ ಇನ್ನೂ 5,000 ಜನ ಶೆಡ್ಡುಗಳಲ್ಲಿದ್ದಾರೆ, ವರ್ಷಕ್ಕೆ ಒಟ್ಟು 400 ಹೆರಿಗೆ ಎನ್ನಿ. 20,000ಕ್ಕೆ ಭಾಗಿಸಿದರೆ ಸಾವಿರಕ್ಕೆ 20. ಆದರೆ ಶೆಡ್ಡಿನವರು ಯಾವ ಪಟ್ಟಿಯಲ್ಲೂ ಇಲ್ಲದ ಕಾರಣ 15,000ಕ್ಕೇ ಭಾಗಿಸುತ್ತಾರೆ, 26.7 ಬರುತ್ತದೆ. ಮೇಲೆ ಶೆಡ್ಡಿನ ಮಗು ಇದೆ, ಕೆಳಗೆ ಶೆಡ್ಡಿನ ತಾಯಿ ಇಲ್ಲ.

ಎರಡು, ವಯಸ್ಸು. ಶೆಡ್ಡಿನಲ್ಲಿ ಅಜ್ಜಿಯರಿರುವುದಿಲ್ಲ, ಇರುವವರು ಬಹುತೇಕ 18ರಿಂದ 35ರವರು. ಸಾವಿರ ಜನಕ್ಕೆ ಎಷ್ಟು ಹೆರಿಗೆ ಎಂದು ಲೆಕ್ಕ ಹಾಕಿದರೆ ಅಲ್ಲಿ ಹೆಚ್ಚು ಬಂದೇ ಬರುತ್ತದೆ. ಅದಕ್ಕೇ ಒಟ್ಟು ಫಲವಂತಿಕೆ ದರ ಎಂಬ ಅಳತೆ ಇರುವುದು. 15–19, 20–24 ಹೀಗೆ 49ರವರೆಗೆ ಏಳು ವಯೋಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಸಾವಿರ ಹೆಂಗಸರಿಗೆ ವರ್ಷಕ್ಕೆ ಎಷ್ಟು ಹೆರಿಗೆ ಎಂದು ನೋಡಿ, ಕೂಡಿಸಿ, ಐದರಿಂದ ಗುಣಿಸಿ, ಸಾವಿರದಿಂದ ಭಾಗಿಸಬೇಕು. ಊಹೆಗೆ 40, 150, 110, 40, 10, 2, 0 ಎಂದಿಟ್ಟುಕೊಳ್ಳಿ. ಮೊತ್ತ 352, ಐದರಿಂದ ಗುಣಿಸಿದರೆ 1,760, ಅಂದರೆ ಹೆಣ್ಣಿಗೆ 1.76 ಮಕ್ಕಳು.

ಮೂರನೆಯದು ಸೂಕ್ಷ್ಮ, ಪತ್ರಿಕೆಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ನಮ್ಮ ದೇಶದಲ್ಲಿ ಊರು ಬಿಡುವ ಹೆಂಗಸರಲ್ಲಿ ಹೆಚ್ಚಿನವರು ಬಿಡುವುದು ಮದುವೆಯಾಗಿ. 2020–21ರ ಕಾರ್ಮಿಕ ಸಮೀಕ್ಷೆಯಲ್ಲಿ ವಲಸೆ ಹೆಂಗಸರ ಪೈಕಿ ಶೇ 86.8ರಷ್ಟು ಮಂದಿ ಕೊಟ್ಟ ಕಾರಣ ಮದುವೆಯೇ. ಮದುವೆಯಾದ ಒಂದೆರಡು ವರ್ಷದಲ್ಲಿ ಮೊದಲ ಮಗು. ಹಾಗಾಗಿ ಬಂದ ಹೊಸದರಲ್ಲಿ ಲೆಕ್ಕ ಹಾಕಿದರೆ ದರ ಮುಗಿಲು ಮುಟ್ಟುತ್ತದೆ, ಆಮೇಲೆ ಬೀಳುತ್ತದೆ. ಅವಳು ಜೀವಮಾನದಲ್ಲಿ ಹೆರುವ ಮಕ್ಕಳು ಎರಡೇ ಇರಬಹುದು, ನಾವು ಅಳೆಯುವ ಹೊತ್ತು ಮಾತ್ರ ಆ ಎರಡು ವರ್ಷ. ಸರಿಯಾಗಿ ತಿಳಿಯಬೇಕಾದರೆ 40 ದಾಟಿದ ಹೆಂಗಸರನ್ನು ಒಟ್ಟು ಎಷ್ಟು ಮಕ್ಕಳು ಎಂದು ಕೇಳಬೇಕು.

ಇನ್ನು ಸತ್ಯಾಂಶ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಿಹಾರದ ಒಟ್ಟು ಫಲವಂತಿಕೆ ದರ 3.0, ಉತ್ತರ ಪ್ರದೇಶದ್ದು 2.4, ಕರ್ನಾಟಕದ್ದು 1.7, ದೇಶದ್ದು 2.0. ಒಂದು ತಲೆಮಾರು ತನ್ನಷ್ಟೇ ಜನರನ್ನು ಬಿಟ್ಟುಹೋಗಲು 2.1 ಬೇಕು. ಹೆಚ್ಚು ಮಕ್ಕಳ ಊರಿಂದ ಬಂದವರು ಮೊದಮೊದಲು ಊರಿನ ರೂಢಿ ತರುತ್ತಾರೆ ಎಂಬುದು ಸುಳ್ಳಲ್ಲ. ಬಾಡಿಗೆ, ಶಾಲೆ ಫೀಸು, ಮಗು ನೋಡಿಕೊಳ್ಳಲು ಅತ್ತೆ ಇಲ್ಲದಿರುವುದು, ಇವು ಸೇರಿ ಬೇಗನೆ ನಗರದ ರೂಢಿಗೆ ಇಳಿಸುತ್ತವೆ. ಮೇಲಾಗಿ ಊರು ಬಿಡುವವರೇ ಊರಲ್ಲಿ ಉಳಿದವರಿಗಿಂತ ಕಡಿಮೆ ಮಕ್ಕಳು ಸಾಕೆನ್ನುವವರಾಗಿರುವುದೂ ಉಂಟು.

ಪ್ರಶ್ನೆ (ಆರೋಗ್ಯ ನಿರೀಕ್ಷಕರು, ಕೊಪ್ಪಳ): ಗಂಡಂದಿರು ಎಂಟು ತಿಂಗಳು ಹೊರಗಿದ್ದರೆ ಮಕ್ಕಳು ಕಡಿಮೆ ಆಗಬೇಕಲ್ಲ ಸರ್? ನಮ್ಮಲ್ಲಿ ಹಾಗೇನೂ ಕಾಣುತ್ತಿಲ್ಲ.

ಮೇಷ್ಟ್ರು: ಕಾಣುವುದಿಲ್ಲ. ಹೆರಿಗೆಯಾದ ಮೇಲೆ ಎದೆಹಾಲು ಕುಡಿಸುವಾಗ ಹಲವು ತಿಂಗಳು ಮುಟ್ಟೇ ಬರುವುದಿಲ್ಲ. ಗಂಡನ ಗೈರುಹಾಜರಿ ಆ ತಿಂಗಳುಗಳ ಮೇಲೇ ಬಿದ್ದರೆ ಲೆಕ್ಕಕ್ಕೆ ಏನೂ ವ್ಯತ್ಯಾಸವಿಲ್ಲ. ಜೊತೆಗೆ ನಮ್ಮಲ್ಲಿ ಎರಡೋ ಮೂರೋ ಆದ ಮೇಲೆ ಆಪರೇಷನ್ ಮಾಡಿಸಿ ಮುಗಿಸುತ್ತಾರೆ. 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರ ಪೈಕಿ ಶೇ 57.4 ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿತ್ತು, ಗಂಡಸರದು ದಶಾಂಶಕ್ಕೂ ಸಿಗದಷ್ಟು. ಹೀಗಿರುವಾಗ ಅಗಲಿಕೆಯಿಂದ ಮಕ್ಕಳ ನಡುವಿನ ಅಂತರ ಬದಲಾಗುತ್ತದೆ, ಸಂಖ್ಯೆಯಲ್ಲ. ಗಂಡಸರ ವಲಸೆ ಬಹಳ ಹೆಚ್ಚಿರುವ ಬಿಹಾರದಲ್ಲೇ ದರವೂ ಅತಿ ಹೆಚ್ಚು ಎಂಬುದನ್ನು ನೆನಪಿಡಿ.

ನಿಮ್ಮ ಕೆಲಸಕ್ಕೆ ಬೇಕಾದದ್ದು ತಿಂಗಳ ಲೆಕ್ಕ. ಗಂಡಸರು ಯುಗಾದಿಗೆ ಬಂದು ಮುಂಗಾರು ಬಿತ್ತನೆಯವರೆಗೆ ಇರುತ್ತಾರೆಂದರೆ ಗರ್ಭ ನಿಲ್ಲುವುದು ಏಪ್ರಿಲ್–ಜೂನ್, ಹೆರಿಗೆ ಜನವರಿ–ಮಾರ್ಚ್. ಗುಳೆಯ ನಡುಗಾಲವೇ ಅದು. ಕಳೆದ ಮೂರು ವರ್ಷದ ಹೆರಿಗೆಗಳನ್ನು ತಿಂಗಳುವಾರು ಬರೆದು, ಪಕ್ಕದಲ್ಲಿ ಮನೆಗಳಿಗೆ ಬೀಗ ಬೀಳುವ ತಿಂಗಳು ಬರೆದುಕೊಳ್ಳಿ. ಎರಡೂ ಕೂಡುವ ತಿಂಗಳುಗಳಲ್ಲಿ ನಿಮ್ಮ ಗರ್ಭಿಣಿಯರು ಸೈಟಿನಲ್ಲಿ ಹೆರುತ್ತಾರೆ.

ಪ್ರಶ್ನೆ (ಎಎನ್‌ಎಂ, ಅಂದರೆ ಉಪಕೇಂದ್ರದ ಆರೋಗ್ಯ ಸಹಾಯಕಿ, ರಾಯಚೂರು): ಗಂಡ ವರ್ಷಕ್ಕೆರಡು ಸಲ ಬರ್ತಾನ, ಅದಕ್ಕೆ ದಿನಾ ಯಾಕ ಗರ್ಭ ತಡಿಯೂ ಗುಳಿಗಿ ನುಂಗಬೇಕು ಅಂತಾರ. ಬಂದು ಹೋದ ಮ್ಯಾಲೆ ಬಸುರಿ ಅಂತ ಬರ್ತಾರ. ಏನು ಹೇಳಬೇಕ್ರೀ ಮೇಡಂ?

ಸ್ತ್ರೀರೋಗ ತಜ್ಞೆ: ಅವರ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಅವರು ಎಷ್ಟು ಅಂತರ ಬಯಸುತ್ತಾರೆ ಎಂಬುದರ ಮೇಲಿದೆ. ಎರಡು ವರ್ಷಕ್ಕಿಂತ ಹೆಚ್ಚು ಬೇಕಾದರೆ ಕಾಪರ್-ಟಿ. ಹೆರಿಗೆಯಾದ 48 ಗಂಟೆಯೊಳಗೆ, ಇಲ್ಲವೇ ಆರು ವಾರದ ನಂತರ. 375 ಎಂಬ ಮಾದರಿ ಆದರೆ ಐದು ವರ್ಷ, 380ಎ ಆದರೆ ಹತ್ತು ವರ್ಷ. ಗಂಡ ಬಂದರೂ ಹೋದರೂ ಏನೂ ನೆನಪಿಡಬೇಕಿಲ್ಲ.

ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಹಾಲೂಡಿಸುವವರಿಗೆ ಆರು ವಾರದ ನಂತರ. ಮುಂದಿನ ಡೋಸ್ ಎರಡು ವಾರ ಮುಂಚೆ ಅಥವಾ ನಾಲ್ಕು ವಾರ ತಡವಾಗಿ ಕೊಟ್ಟರೂ ನಡೆಯುತ್ತದೆ, ಆದ್ದರಿಂದ ಪ್ರಯಾಣಕ್ಕೆ ಹೊಂದಿಸಬಹುದು. ಮುಟ್ಟು ಏರುಪೇರಾಗುತ್ತದೆ, ನಿಂತೂ ಹೋಗಬಹುದು ಎಂದು ಮೊದಲೇ ಹೇಳಿ. ಹೇಳದಿದ್ದರೆ ಎರಡನೇ ಡೋಸ್‌ಗೆ ಬರುವುದಿಲ್ಲ. ಬಿಟ್ಟ ಮೇಲೆ ಗರ್ಭ ನಿಲ್ಲಲು ಕೊನೆಯ ಚುಚ್ಚುಮದ್ದಿನಿಂದ 7–10 ತಿಂಗಳು ಬೇಕಾಗಬಹುದು. ಮುಂದಿನ ರಜೆಯಲ್ಲೇ ಮಗು ಬೇಕೆನ್ನುವವರಿಗೆ ಇದು ಬೇಡ.

ಛಾಯಾ ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಗಂಡ ಊರಿಗೆ ಬರಲು ಬಸ್ ಹತ್ತಿದ ಮೇಲೆ ಶುರುಮಾಡಿದರೆ ಉಪಯೋಗವಿಲ್ಲ, ಮುಂಚಿನ ಮುಟ್ಟಿನ ಮೊದಲ ದಿನದಿಂದ ಆರಂಭಿಸಬೇಕು. ಏಳು ದಿನ ಮೀರಿ ಮರೆತರೆ ಮತ್ತೆ ಮೊದಲಿನಿಂದ. ಇದ್ಯಾವುದೂ ಒಲ್ಲೆ ಎನ್ನುವವರಿಗೆ ಹಬ್ಬಕ್ಕೆ ಹದಿನೈದು ದಿನ ಮುಂಚೆ ನಿರೋಧ್ ಪ್ಯಾಕೆಟ್ಟೂ, ತುರ್ತು ಮಾತ್ರೆ ಒಂದೂ (72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು) ಮನೆಗೆ ಮುಟ್ಟಿಸಿ. ಜಾತ್ರೆಯ ದಿನ ಉಪಕೇಂದ್ರದಲ್ಲಿ ಸ್ಟಾಕ್ ಇದ್ದರೆ ಏನು ಬಂತು?

ಪ್ರಶ್ನೆ (ಹೆಸರು ಬೇಡ): ಗಂಡ ಏಪ್ರಿಲ್ 14ಕ್ಕೆ ಊರಿಗೆ ಬಂದದ್ದು. ಜೂನ್ 10ಕ್ಕೆ ಸ್ಕ್ಯಾನ್‌ನಲ್ಲಿ ಹತ್ತು ವಾರ ಎಂದು ಬಂದಿದೆ. ಮನೆಯಲ್ಲಿ ಬೇರೆ ಮಾತು ಶುರುವಾಗಿದೆ.

ಸ್ತ್ರೀರೋಗ ತಜ್ಞೆ: ಮಾತನ್ನು ಇವತ್ತೇ ನಿಲ್ಲಿಸಿ. ವೈದ್ಯರು ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ, ಗರ್ಭ ನಿಂತ ದಿನದಿಂದ ಅಲ್ಲ. ಗರ್ಭ ನಿಲ್ಲುವುದು ಅದಾಗಿ ಸುಮಾರು ಎರಡು ವಾರಕ್ಕೆ. ಜೂನ್ 10ಕ್ಕೆ ಹತ್ತು ವಾರ ಎಂದರೆ ಮುಟ್ಟು ಏಪ್ರಿಲ್ 1ಕ್ಕೆ, ಗರ್ಭ ನಿಂತದ್ದು 15ರ ಆಸುಪಾಸು. ಅದರ ಮೇಲೆ ಆರಂಭದ ಸ್ಕ್ಯಾನ್‌ನಲ್ಲಿ ಐದರಿಂದ ಏಳು ದಿನ ಹಿಂದೆ ಮುಂದೆ ಆಗುವುದು ಸಹಜ. ಲೆಕ್ಕ ಸರಿಯಾಗಿಯೇ ಇದೆ. ಅತ್ತೆಯವರನ್ನು ತಪಾಸಣೆಗೆ ಜೊತೆಗೆ ಕರೆದೊಯ್ದು ವೈದ್ಯರ ಬಾಯಿಂದಲೇ ಹೇಳಿಸಿ.

ಪ್ರಶ್ನೆ (ಉಡುಪಿ ಜಿಲ್ಲೆ): ಮದುವೆಯಾಗಿ ಮೂರು ವರ್ಷ. ಗಂಡ ದುಬೈಯಲ್ಲಿ, ವರ್ಷಕ್ಕೆ ಒಂದು ತಿಂಗಳು ರಜೆ. ಮಗು ಆಗಿಲ್ಲ. ವಯಸ್ಸು 28. ಐವಿಎಫ್‌ಗೆ (ಪ್ರನಾಳ ಶಿಶು ಚಿಕಿತ್ಸೆಗೆ) ಹೋಗಬೇಕಾ ಡಾಕ್ಟ್ರೇ?

ಸ್ತ್ರೀರೋಗ ತಜ್ಞೆ: ಮೂರು ವರ್ಷವಲ್ಲಮ್ಮ, ನಿಮ್ಮದು ಹೆಚ್ಚೆಂದರೆ ಮೂರು ನಾಲ್ಕು ತಿಂಗಳು. ಬಂಜೆತನ ಎನ್ನುವುದು ಹನ್ನೆರಡು ತಿಂಗಳು ಒಟ್ಟಿಗಿದ್ದು ಪ್ರಯತ್ನಿಸಿಯೂ ಆಗದಿದ್ದರೆ, ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳು. ಆರೋಗ್ಯವಂತ ದಂಪತಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಐದರಲ್ಲೊಂದು ಆಸುಪಾಸು. ಅದರಲ್ಲೂ ತಿಂಗಳಿಗೆ ಆರೇ ದಿನ ಫಲ: ಅಂಡ ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ. 28 ದಿನದ ಚಕ್ರದಲ್ಲಿ ಅದು 9ರಿಂದ 14ನೇ ದಿನ. 32 ದಿನದ್ದಾದರೆ 13ರಿಂದ 18. ರಜೆ ಹಾಕುವ ಮುಂಚೆ ಆರು ತಿಂಗಳ ಮುಟ್ಟಿನ ತಾರೀಕು ಬರೆದಿಟ್ಟು, ಟಿಕೆಟ್ಟನ್ನು ಎರಡು ಚಕ್ರದ ಆ ದಿನಗಳು ಸಿಗುವ ಹಾಗೆ ತೆಗೆಸಿ. 35 ದಿನ ಸಿಕ್ಕರೆ ಒಂದರ ಬದಲು ಎರಡು ಅವಕಾಶ. ನಿಮಗೆ ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ, ಗಂಡ ಬರುವ ಒಂದು ತಿಂಗಳ ಮುಂಚಿನಿಂದ.

ಈ ರಜೆಯಲ್ಲಿ ಗಂಡನ ವೀರ್ಯ ಪರೀಕ್ಷೆ ಮಾತ್ರ ಮಾಡಿಸಿ, ಅದು ಅಗ್ಗ. 2ರಿಂದ 7 ದಿನ ಅಂತರ ಬಿಟ್ಟು ಕೊಡಬೇಕು. ತಿಂಗಳುಗಟ್ಟಲೆ ಅಂತರದ ಮೇಲೆ ಬಂದಿಳಿದ ಮರುದಿನವೇ ಕೊಟ್ಟರೆ ಚಲನೆ ಕಡಿಮೆ ತೋರಿಸಿ ಸುಮ್ಮನೆ ಗಾಬರಿ. 2021ರ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಂತೆ ಕೆಳಮಿತಿ: 1.4 ಮಿ.ಲೀ. ಪ್ರಮಾಣ, ಮಿ.ಲೀ.ಗೆ 1.6 ಕೋಟಿ, ಚಲನೆ ಶೇ 42. ಜೋರು ಜ್ವರ ಬಂದಿದ್ದರೆ ಮೂರು ತಿಂಗಳು ಬಿಟ್ಟು ಮಾಡಿಸಿ, ವೀರ್ಯಾಣು ಬೆಳೆಯಲು ಎರಡೂವರೆ ತಿಂಗಳು ಬೇಕು. ನಿಮ್ಮ ಮುಟ್ಟು ಕ್ರಮವಾಗಿದ್ದರೆ, ಅವರ ವರದಿ ಸರಿಯಿದ್ದರೆ, ಐವಿಎಫ್ ಎಂದವರಿಗೆ ನಮಸ್ಕಾರ ಹೇಳಿ ಬನ್ನಿ.

ಪ್ರಶ್ನೆ (ಬೆಳಗಾವಿ ಜಿಲ್ಲೆಯ ಶಿಕ್ಷಕರು): ಕಬ್ಬು ಕಡಿಯಲು ಬೀಡ್ ಕಡೆಯಿಂದ ಬರುವ ಗ್ಯಾಂಗುಗಳಲ್ಲಿ ಮೂವತ್ತೂ ಆಗದ ಹೆಂಗಸರು ಗರ್ಭಚೀಲ ತೆಗೆಸಿಕೊಂಡಿದ್ದಾರೆ ಎನ್ನುವುದು ನಿಜವೇ? ಯಾಕೆ?

ಸ್ತ್ರೀರೋಗ ತಜ್ಞೆ: ನಿಜ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿಗಾಗಿ ಬೀಡ್ ಜಿಲ್ಲೆಯಲ್ಲಿ 82,309 ಕಬ್ಬು ಕಡಿಯುವ ಹೆಂಗಸರನ್ನು ವಿಚಾರಿಸಿದಾಗ 13,861 ಮಂದಿಗೆ ಆ ಶಸ್ತ್ರಚಿಕಿತ್ಸೆ ಆಗಿತ್ತು. ಯಾಕೆ ಎಂಬುದು ಕೂಲಿಯ ಪದ್ಧತಿಯಲ್ಲೇ ಇದೆ. ಅಲ್ಲಿ ಮುಂಗಡ ಕೊಡುವುದು ಒಬ್ಬರಿಗಲ್ಲ, ಗಂಡ–ಹೆಂಡತಿ ಜೋಡಿಗೆ. ಆ ಜೋಡಿಗೆ ಕೊಯ್ತಾ ಎನ್ನುತ್ತಾರೆ. ಒಬ್ಬರು ಒಂದು ದಿನ ತಪ್ಪಿಸಿದರೆ ದಂಡ. ಜೋಡಿ ಇಲ್ಲದವನಿಗೆ ಮುಂಗಡ ಕಡಿಮೆ, ಹಾಗಾಗಿ ಹುಡುಗನಿಗೆ ಬೇಗ ಮದುವೆ, ಹುಡುಗಿಗೆ ಇನ್ನೂ ಬೇಗ. ಇಪ್ಪತ್ತೈದರೊಳಗೆ ಎರಡು ಮೂರು ಹೆರಿಗೆ, ಆಪರೇಷನ್. ಗದ್ದೆಯ ಬದಿಯ ಗುಡಾರದಲ್ಲಿ ಶೌಚಾಲಯವಿಲ್ಲ, ನೀರಿಲ್ಲ. ಬಿಳಿ ಸೆರಗು, ಹೊಟ್ಟೆನೋವು, ಹೆಚ್ಚು ಮುಟ್ಟು. ಪ್ರತಿ ಸಲ ಒಂದು ದಿನದ ದಂಡ. ಅಷ್ಟರಲ್ಲಿ "ಚೀಲ ಕೆಟ್ಟಿದೆ, ಕ್ಯಾನ್ಸರ್ ಆಗುತ್ತದೆ" ಎಂದು ಯಾರಾದರೂ ಹೇಳಿದರೆ ಸಾಲ ಮಾಡಿಯಾದರೂ ತೆಗೆಸುತ್ತಾರೆ. ಸಾಲ ತೀರಿಸಲು ಮತ್ತೆ ಮುಂಗಡ.

ಬಿಳಿ ಸೆರಗಿಗೆ ಚೀಲ ತೆಗೆಯುವುದು ಚಿಕಿತ್ಸೆಯಲ್ಲ. ಸೋಂಕಿಗೆ ಗಂಡ–ಹೆಂಡತಿ ಇಬ್ಬರಿಗೂ ಮಾತ್ರೆಯ ಕೋರ್ಸ್ ಇದೆ, ಒಬ್ಬರೇ ತೆಗೆದುಕೊಂಡರೆ ಮತ್ತೆ ಬರುವ ಸೋಂಕುಗಳಿವೆ. ಹೆಚ್ಚು ಮುಟ್ಟಿಗೆ ಟ್ರಾನೆಕ್ಸಾಮಿಕ್ ಆಸಿಡ್, ಗರ್ಭಚೀಲದೊಳಗೆ ಇಡುವ ಹಾರ್ಮೋನ್ ವಂಕಿ ಇವೆ. ತೆಗೆಯಲೇಬೇಕು ಎಂದವರಿಗೆ ಮೂರು ಪ್ರಶ್ನೆ ಕೇಳಲಿ: ಸ್ಕ್ಯಾನ್‌ನಲ್ಲಿ ಏನಿದೆ, ಗರ್ಭಕೊರಳಿನ ಪರೀಕ್ಷೆ ಏನು ಹೇಳಿದೆ, ಮೊದಲು ಯಾವ ಔಷಧಿ ಎಷ್ಟು ತಿಂಗಳು ಕೊಟ್ಟಿರಿ. ಅಂಡಾಶಯವನ್ನೂ ತೆಗೆದರೆ ಮೂವತ್ತಕ್ಕೇ ಮುಟ್ಟು ನಿಂತವಳಾಗುತ್ತಾಳೆ, ಮೂಳೆ ಸವೆಯುತ್ತದೆ, ಹೃದಯದ ತೊಂದರೆ ಬೇಗ ಬರುತ್ತದೆ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ, ರಾಜ್ಯಗಳು ಅದನ್ನು ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಶಿಕ್ಷಕರಾಗಿ ನೀವು ಮಾಡಬಹುದಾದದ್ದು ಇನ್ನೂ ಮುಂಚಿನ ಹಂತದಲ್ಲಿದೆ. 18 ತುಂಬದ ಹುಡುಗಿಯ ಮದುವೆ ಸುದ್ದಿ ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರ್ನಾಟಕದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿಂದಲೇ ಅಸಿಂಧು.

ಪ್ರಶ್ನೆ (ಹಾಸನ): ನಮ್ಮಲ್ಲಿ ಗುಳೆ ಇಲ್ಲ. ಆದರೂ ಮಕ್ಕಳ ಲಸಿಕೆ ಪಟ್ಟಿಯಲ್ಲಿ ಬಿಟ್ಟುಹೋದವರು ಬಹಳ. ಕಾರಣ?

ವೈದ್ಯಾಧಿಕಾರಿ: ತವರು. ಏಳನೇ ತಿಂಗಳಿಗೆ ಸೀಮಂತ ಮಾಡಿ ಕಳಿಸಿ, ಮೂರೋ ಐದೋ ತಿಂಗಳ ಬಾಣಂತನ ಮುಗಿಸಿ ಕರೆತರುತ್ತೀರಿ. ಇದೂ ವಲಸೆಯೇ, ಯಾರೂ ಹಾಗೆ ಕರೆಯುವುದಿಲ್ಲ ಅಷ್ಟೆ. ಹುಟ್ಟಿದಾಗಿನ ಬಿಸಿಜಿ, ಪೋಲಿಯೊ, ಹೆಪಟೈಟಿಸ್-ಬಿ ತಾಲ್ಲೂಕು ಆಸ್ಪತ್ರೆಯಲ್ಲಿ. 6, 10, 14 ವಾರದ್ದು ತವರಿನ ಉಪಕೇಂದ್ರದಲ್ಲಿ. ಒಂಬತ್ತು ತಿಂಗಳ ದಡಾರ–ರುಬೆಲ್ಲಾ ಗಂಡನ ಊರಲ್ಲಿ. ಮೂರು ಕಡೆಯ ರಿಜಿಸ್ಟರ್‌ನಲ್ಲೂ ಅರ್ಧರ್ಧ. 14ನೇ ವಾರದ್ದೇ ಹೆಚ್ಚು ತಪ್ಪುವುದು, ಅದು ಸರಿಯಾಗಿ ಮಗುವನ್ನು ಕರೆತರುವ ಹೊತ್ತು. ತಪ್ಪಿದರೆ ಮೊದಲಿಂದ ಶುರುಮಾಡಬೇಡಿ, ನಿಂತಲ್ಲಿಂದ ಮುಂದುವರಿಸಿ, ಪೆಂಟಾವ್ಯಾಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ) ಡೋಸ್‌ಗಳ ನಡುವೆ ನಾಲ್ಕು ವಾರ ಇದ್ದರೆ ಸಾಕು. ತವರಿಗೆ ಹೊರಟ ದಿನವೇ ಅಲ್ಲಿನ ಆಶಾ ನಂಬರ್ ಪಡೆದು ವಾಟ್ಸಾಪ್ ಮಾಡಿ, ಸರ್ಕಾರದ ಲಸಿಕೆ ದಾಖಲೆಯ ಜಾಲತಾಣವಾದ ಯು-ವಿನ್‌ನಲ್ಲಿ ಒಂದೇ ಮೊಬೈಲ್ ನಂಬರ್ ಉಳಿಸಿಕೊಳ್ಳಲು ಹೇಳಿ.

ಜನನ ನೋಂದಣಿ ಮಾತ್ರ ಮಗು ಹುಟ್ಟಿದ ಊರಿನಲ್ಲೇ ಆಗಬೇಕು, 21 ದಿನದೊಳಗೆ ಉಚಿತ. ಹೆಸರಿಟ್ಟಿಲ್ಲ ಎಂದು ಕಾಯುವುದು ಬೇಡ, ಹೆಸರನ್ನು ಒಂದು ವರ್ಷದವರೆಗೆ ಶುಲ್ಕವಿಲ್ಲದೆ ಸೇರಿಸಬಹುದು. ಒಂದು ವರ್ಷ ದಾಟಿಯೂ ನೋಂದಣಿಯೇ ಆಗಿಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅದಕ್ಕೂ ಹುಟ್ಟಿದ ಊರಿಗೇ ಓಡಾಡಬೇಕು.